ಅಣ್ಣನಿಗೆ ಜೊತೆಗಾರ ಸಿಕ್ಕಿದ್ದಾನೆ, ಅವನಿಗೆ ಏನು ಕಲಿಸಲಿ?

ಪ್ರಶ್ನೆ: ನನ್ನ ಅಣ್ಣನಿಗೆ ಈಗ 43 ವರ್ಷ. ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಕಿವುಡರ ಶಾಲೆಯಲ್ಲಿ ಓದಿದ್ದಾನೆ, ಸನ್ನೆ ಭಾಷೆ ಚೆನ್ನಾಗಿ ಬರುತ್ತದೆ. ಇಪ್ಪತ್ತು ವರ್ಷ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಬೈಂಡಿಂಗ್ ಕೆಲಸ ಮಾಡಿದ. ಹತ್ತು ಹನ್ನೆರಡನೇ ವಯಸ್ಸಿನಿಂದಲೇ ಕತ್ತಲಾದರೆ ಕಣ್ಣು ಕಾಣುತ್ತಿರಲಿಲ್ಲ. ಈಗ ಹಗಲಲ್ಲೂ ಕೊಳವೆಯಿಂದ ನೋಡಿದ ಹಾಗೆ ಕಾಣುತ್ತದೆ ಅನ್ನುತ್ತಾನೆ. ಡಾಕ್ಟರ್ ಆರ್‌ಪಿ ಅಂದರು, ರೆಟಿನೈಟಿಸ್ ಪಿಗ್ಮೆಂಟೋಸಾ, ಕಣ್ಣಿನ ಒಳಪರದೆ ಮೆಲ್ಲಗೆ ಕೆಡುತ್ತಾ ಹೋಗುವ ಕಾಯಿಲೆಯಂತೆ. ಕಣ್ಣಿನ ಪರೀಕ್ಷೆಯ ಬೋರ್ಡಿನ ಅಕ್ಷರ ಓದಿದ ಅಂತ ಕಣ್ಣಿಗೆ ಅಂಗವೈಕಲ್ಯದ ಸರ್ಟಿಫಿಕೇಟ್ ಮಾತ್ರ ಸಿಗಲಿಲ್ಲ. ಮೂರು ವರ್ಷದಿಂದ ಮನೆಯಲ್ಲೇ ಇದ್ದಾನೆ. ನೋಡಿಕೊಳ್ಳುವ ಅಮ್ಮನಿಗೆ 71, ನಾನು ಬೆಂಗಳೂರಲ್ಲಿ. ಪಕ್ಕದ ಮನೆಯ 22ರ ಹುಡುಗನನ್ನು ಸಂಬಳ ಕೊಟ್ಟು ವಾರಕ್ಕೆ ಮೂರು ದಿನ ಜೊತೆಗೆ ಇಟ್ಟಿದ್ದೇವೆ. ಹುಡುಗ ಒಳ್ಳೆಯವನು. ಆದರೆ ಅಣ್ಣ ಅವನ ಕೈ ಕೊಡವಿ ಬಿಸಾಡುತ್ತಾನೆ, ಒಂದು ದಿನ ಹೊಡೆದೂ ಬಿಟ್ಟ. ತಲೆಯೂ ಕೆಟ್ಟಿದೆ ಅಂತ ನೆಂಟರು ಹೇಳುತ್ತಾರೆ. ಏಜೆನ್ಸಿಯಿಂದ ನರ್ಸಿಂಗ್ ಗೊತ್ತಿರುವವರನ್ನು ಕರೆಸಿ ಅಂತ ಒಬ್ಬರು, ಶಬ್ದ ಕೇಳಿಸಲು ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿ ಅಂತ ಇನ್ನೊಬ್ಬರು. ನಮ್ಮ ತಂದೆ ತಾಯಿ ಸೋದರಮಾವ, ಅಕ್ಕನ ಮಗಳು. ದೋಷ ಇರಬೇಕು ಅಂತ ಅಮ್ಮ ಹರಕೆ ಹೊರುತ್ತಲೇ ಇದ್ದಾರೆ. ಹುಡುಗನಿಗೆ ಏನು ಕಲಿಸಬೇಕು, ಎಷ್ಟು ದಿನ ಬೇಕು?
— ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆ ಆರೇಳು ಇವೆ. ನಾನು ಹೊಡೆತದಿಂದ ಶುರು ಮಾಡುತ್ತೇನೆ. ಮನೆಯವರ ನಿದ್ದೆ ಕೆಡಿಸಿರುವುದು ಅದೇ ಅಲ್ವಾ?

ಆ ಹುಡುಗ ನಿಮ್ಮ ಅಣ್ಣನನ್ನು ಹೇಗೆ ಮುಟ್ಟುತ್ತಾನೆ ಅಂತ ಒಂದು ಸಲ ಗಮನಿಸಿ. ನನ್ನ ಅಂದಾಜು ಹೀಗಿದೆ. ಪಕ್ಕದಿಂದಲೋ ಹಿಂದಿನಿಂದಲೋ ಬಂದು ಮಣಿಕಟ್ಟು ಹಿಡಿದು ಎಳೆಯುತ್ತಾನೆ. ಅವನಿಗದು ಸಹಾಯ. ಅಣ್ಣನಿಗೆ? ಕೊಳವೆಯಷ್ಟೇ ನೋಟ ಇರುವವನಿಗೆ ಪಕ್ಕದಿಂದ ಬಂದವನು ಕಾಣುವುದಿಲ್ಲ, ಹೆಜ್ಜೆ ಸದ್ದೂ ಇಲ್ಲ. ಯಾರೋ, ಯಾಕೋ, ಎಲ್ಲಿಗೋ ಎಳೆಯುತ್ತಿದ್ದಾರೆ. ನಾನಾದರೂ ಹೊಡೆಯುತ್ತಿದ್ದೆ. ಇನ್ನೊಂದು ವಿಷಯ, ಸನ್ನೆ ಭಾಷೆಯವರಿಗೆ ಕೈಯೇ ಬಾಯಿ. ಮಣಿಕಟ್ಟು ಹಿಡಿದರೆ ಬಾಯಿ ಮುಚ್ಚಿದ ಹಾಗೆ.

ಹದಿನೆಂಟು ವರ್ಷದಿಂದ ಇಂಥ ಮನೆಗಳಿಗೆ ಹೋಗುತ್ತಿದ್ದೇನೆ. 'ತಲೆ ಕೆಟ್ಟಿದೆ' ಅಂತ ತೋರಿಸಿದವರಲ್ಲಿ ಜಾಸ್ತಿ ಜನ ಹೀಗೆ ಬೆಚ್ಚಿಬಿದ್ದವರು, ಇಲ್ಲವೇ ಮೂರು ನಾಲ್ಕು ವರ್ಷದಿಂದ ಯಾರ ಜೊತೆಗೂ ಸರಿಯಾಗಿ ಮಾತಾಡದೆ ಬೇಸತ್ತವರು. ಆದರೂ ಊಟ ಬಿಟ್ಟರೆ, ರಾತ್ರಿ ನಿದ್ದೆ ಹೋದರೆ, ಇಷ್ಟಪಡುತ್ತಿದ್ದ ಕೆಲಸಕ್ಕೂ ಕೈ ಹಾಕದಿದ್ದರೆ ಮನೋವೈದ್ಯರಿಗೆ ತೋರಿಸಿ. ಹೋಗುವಾಗ ಸನ್ನೆ ಭಾಷೆ ಬಲ್ಲವರೊಬ್ಬರು ಜೊತೆಗಿರಲಿ. ಅವನ ಬದಲು ಅಮ್ಮನನ್ನು ಕೇಳಿ ಮಾತ್ರೆ ಬರೆಯುವ ಹಾಗೆ ಆಗಬಾರದು.

ಇನ್ನು ದೋಷದ ಮಾತು. ಹರಕೆ ನಿಲ್ಲಿಸಿ ಅಂತ ಅಮ್ಮನಿಗೆ ಹೇಳಲು ನಾನು ಹೋಗುವುದಿಲ್ಲ, ಆ ವಯಸ್ಸಿನಲ್ಲಿ ಅದೂ ಒಂದು ಆಸರೆ. ಆದರೆ ಯಾರ ತಪ್ಪೂ ಇಲ್ಲ ಅನ್ನುವುದು ಅವರಿಗೆ ಗೊತ್ತಾಗಬೇಕು. ನೀವು ಹೇಳಿದ ಲಕ್ಷಣ ಅಷರ್ ಸಿಂಡ್ರೋಮ್ ಅನ್ನುವ ವಂಶವಾಹಿ ಕಾಯಿಲೆಗೆ ಹೊಂದುತ್ತದೆ. ಇದು ವಂಶದಲ್ಲಿ ಹರಿಯುತ್ತದೆ ಅಂತ 1914ರಲ್ಲೇ ಬರೆದ ಸ್ಕಾಟ್ಲೆಂಡಿನ ಕಣ್ಣಿನ ಡಾಕ್ಟರ್ ಚಾರ್ಲ್ಸ್ ಅಷರ್ ಅವರ ಹೆಸರು ಅದು. ತಂದೆಯಿಂದ ಒಂದು, ತಾಯಿಯಿಂದ ಒಂದು ಕೆಟ್ಟ ಜೀನ್ ಬಂದಾಗ ಮಾತ್ರ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಒಂದೇ ಇದ್ದರೆ ಏನೂ ಆಗುವುದಿಲ್ಲ. ಇಬ್ಬರಲ್ಲೂ ಅದು ಇದ್ದಾಗ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಸಂಬಂಧದೊಳಗೆ ಮದುವೆಯಾದರೆ ಇಬ್ಬರಲ್ಲೂ ಅದೇ ಜೀನ್ ಇರುವ ಸಂಭವ ಜಾಸ್ತಿ, ಅಷ್ಟೇ ಲೆಕ್ಕ. ಖಚಿತ ಮಾಡಲು ರಕ್ತದಿಂದ ಜೀನ್ ಪರೀಕ್ಷೆ ಮಾಡುತ್ತಾರೆ. ಮನೆಯಲ್ಲಿ ಮುಂದೆ ಯಾರಾದರೂ ಸಂಬಂಧದೊಳಗೇ ಮದುವೆ ಮಾತಾಡುತ್ತಿದ್ದರೆ ಮೊದಲು ಜೆನೆಟಿಕ್ ಕೌನ್ಸೆಲಿಂಗ್ (ವಂಶದ ಕಾಯಿಲೆ ಬಗ್ಗೆ ತಜ್ಞರ ಸಲಹೆ) ಮಾಡಿಸಿ.

ಅಣ್ಣ ಮಗುವಾಗಿದ್ದಾಗ ನಡೆಯಲು ತಡ ಮಾಡಿದನಾ ಅಂತ ಅಮ್ಮನನ್ನು ಕೇಳಿ ನೋಡಿ. ಅಷರ್‌ನ ಮೊದಲ ಬಗೆಯಲ್ಲಿ ಒಳಗಿವಿಯ ಸಮತೋಲನದ ಭಾಗವೂ ಕೆಲಸ ಮಾಡುವುದಿಲ್ಲ. ಆ ಮಕ್ಕಳು ಒಂದೂವರೆ ವರ್ಷ ದಾಟಿದ ಮೇಲೆ ನಡೆಯುತ್ತಾರೆ. ದೊಡ್ಡವರಾದ ಮೇಲೆ ಕಣ್ಣಿನ ಬಲದಿಂದ ನೆಟ್ಟಗೆ ನಿಲ್ಲುತ್ತಾರೆ. ಕಣ್ಣು ಹೋಗುತ್ತಾ ಬಂದಾಗ, ಕತ್ತಲಲ್ಲಿ ಮುಖ್ಯವಾಗಿ, ತೂರಾಡುತ್ತಾರೆ. 'ಕುಡಿದಿದ್ದಾನೆ' ಅಂತ ಬಸ್ಸಿನಿಂದ ಇಳಿಸಿದ್ದನ್ನು ನಾನೇ ನೋಡಿದ್ದೇನೆ. ಹುಡುಗನಿಗೆ ಇದು ಮೊದಲ ದಿನವೇ ಗೊತ್ತಿರಬೇಕು. ಸಂಜೆಯಾದ ಮೇಲೆ ನಡಿಗೆ ನಿಧಾನ ಆಗಬೇಕು, ಹಿಡಿತ ಗಟ್ಟಿ ಆಗಬೇಕು.

ಕಾಕ್ಲಿಯರ್ ಇಂಪ್ಲಾಂಟ್ ಬಗ್ಗೆ ನೇರವಾಗಿ ಹೇಳುತ್ತೇನೆ. ಚಿಕ್ಕ ಮಕ್ಕಳಿಗೆ ಅದರಿಂದ ದೊಡ್ಡ ಪ್ರಯೋಜನ ಇದೆ. ಹುಟ್ಟಿನಿಂದ ಶಬ್ದವನ್ನೇ ಕೇಳದ ಮಿದುಳಿಗೆ 43ರಲ್ಲಿ ಅದನ್ನು ಹಾಕಿದರೆ ಹಾರ್ನ್ ಸದ್ದೋ ಬಾಗಿಲು ಬಡಿದದ್ದೋ ತಿಳಿಯಬಹುದು. ಮಾತು ಅರ್ಥವಾಗುವ ಆಸೆ ಇಟ್ಟುಕೊಳ್ಳಬೇಡಿ. ಮನಸ್ಸು ಒಪ್ಪದಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿ, ಅವರು ಪರೀಕ್ಷೆ ಮಾಡಿ ಹೇಳುತ್ತಾರೆ. ಕಣ್ಣನ್ನಂತೂ ವರ್ಷಕ್ಕೊಮ್ಮೆ ತೋರಿಸುತ್ತಲೇ ಇರಿ. ಆರ್‌ಪಿ ಇರುವವರಿಗೆ ಚಿಕ್ಕ ವಯಸ್ಸಲ್ಲೇ ಪೊರೆ ಬರುವುದುಂಟು. ಪೊರೆ ತೆಗೆಸಿದರೆ ಉಳಿದ ನೋಟ ಸ್ವಲ್ಪ ತಿಳಿಯಾಗಬಹುದು. 'ಆರ್‌ಪಿಗೆ ಏನೂ ಮಾಡಕ್ಕಾಗಲ್ಲ' ಅಂತ ಕೈಬಿಟ್ಟು ಪೊರೆಯನ್ನೂ ಹಾಗೇ ಉಳಿಸಿಕೊಂಡವರನ್ನು ನೋಡಿ ಬೇಜಾರಾಗುತ್ತದೆ.

ಸರ್ಟಿಫಿಕೇಟ್ ವಿಷಯ ಹೇಳಿದಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಓದಿದರೆ, ಬೋರ್ಡಿನ ಅಕ್ಷರ ಒಂದೇ ಅಳತೆಯಲ್ಲ. ನೋಟದ ಅಗಲ 10 ಡಿಗ್ರಿಗಿಂತ ಕಡಿಮೆ ಇದ್ದರೆ ಅದೂ ಅಂಧತ್ವವೇ. ಆ ಅಗಲ ಅಳೆಯುವ ಫೀಲ್ಡ್ ಟೆಸ್ಟ್ ಮಾಡಿಸಿ, ಆ ವರದಿ ಹಿಡಿದು ಮತ್ತೆ ಅರ್ಜಿ ಹಾಕಿ. ಅದೇ ಕಾಯ್ದೆ ಕಿವಿ ಕಣ್ಣು ಎರಡರ ತೊಂದರೆಯನ್ನು ಬಹು ಅಂಗವೈಕಲ್ಯದ ಕೆಳಗೆ ಹೆಸರು ಹೇಳಿ ಸೇರಿಸಿದೆ. ಹೆಚ್ಚಿನ ನೆರವು ಬೇಕಾದವರು ಅದಕ್ಕೆ ಅರ್ಜಿ ಹಾಕಲು 38ನೇ ಸೆಕ್ಷನ್ ಇದೆ, ಆರೈಕೆ ಮಾಡುವವರ ಭತ್ಯೆಯ ಮಾತು 24ರಲ್ಲಿದೆ. ಕಾಗದದಲ್ಲಿ ಇರುವುದೆಲ್ಲ ಕೈಗೆ ಬರುವುದಿಲ್ಲ, ನಿಜ. ಆದರೂ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನಲ್ಲಿ ಬರೀ ಕಿವುಡು ಅಂತ ಇದ್ದರೆ ಮುಂದಿನ ಬಾಗಿಲೇ ತೆರೆಯುವುದಿಲ್ಲ. ಅಂಗವಿಕಲರ ಪುನರ್ವಸತಿ ಕಾರ್ಯಕರ್ತರಾದ ಪಂಚಾಯಿತಿಯ ವಿಆರ್‌ಡಬ್ಲ್ಯು ಅಥವಾ ತಾಲ್ಲೂಕಿನ ಎಂಆರ್‌ಡಬ್ಲ್ಯು ಅವರನ್ನು ಹಿಡಿಯಿರಿ. ಓಡಾಟ ಅರ್ಧ ಕಡಿಮೆಯಾಗುತ್ತದೆ.

ಈಗ ಹುಡುಗನ ಕೆಲಸಕ್ಕೆ ಬರೋಣ. ಅಮೆರಿಕದಲ್ಲಿ ಈ ಕೆಲಸಕ್ಕೆ ಎಸ್‌ಎಸ್‌ಪಿ ಅನ್ನುತ್ತಾರೆ, ಸಪೋರ್ಟ್ ಸರ್ವಿಸ್ ಪ್ರೊವೈಡರ್. (ನಮ್ಮಲ್ಲಿ ಎಸ್‌ಎಸ್‌ಪಿ ಅಂದರೆ ಮಕ್ಕಳ ಸ್ಕಾಲರ್‌ಶಿಪ್ ಪೋರ್ಟಲ್. ಆಫೀಸಲ್ಲಿ ಈ ಪದ ಬಳಸಬೇಡಿ, ಆಧಾರ್ ಲಿಂಕ್ ಆಗಿದೆಯಾ ಅಂತ ಕೇಳುತ್ತಾರೆ.) ಬ್ರಿಟನ್ನಿನಲ್ಲಿ ಕಮ್ಯುನಿಕೇಟರ್ ಗೈಡ್, ಕೆನಡಾದಲ್ಲಿ ಇಂಟರ್‌ವೀನರ್. ಹೆಸರು ಬೇರೆ, ಕೆಲಸದಲ್ಲಿ ಸ್ವಲ್ಪ ಹೆಚ್ಚು ಕಡಿಮೆ. ನಾನು ಜೊತೆಗಾರ ಅಂತಲೇ ಕರೆಯುತ್ತೇನೆ. ಅವನು ಮಾಡುವುದು ಮೂರು ಕೆಲಸ. ಸುತ್ತ ಏನು ನಡೆಯುತ್ತಿದೆ ಅಂತ ತಿಳಿಸುವುದು, ಹೋಗಬೇಕಾದ ಕಡೆ ಜೊತೆಗೆ ನಡೆಯುವುದು, ಬೇರೆಯವರ ಜೊತೆ ಮಾತಿಗೆ ಸೇತುವೆಯಾಗುವುದು. ಸ್ನಾನ ಮಾಡಿಸುವುದು, ಊಟ ತಿನ್ನಿಸುವುದು ಇದರಲ್ಲಿ ಬರುವುದಿಲ್ಲ. ತೀರ್ಮಾನ ತೆಗೆದುಕೊಳ್ಳುವುದಂತೂ ಬರುವುದೇ ಇಲ್ಲ.

ಎಲ್ಲಕ್ಕಿಂತ ಕಷ್ಟದ ಪಾಠ ಈ ಕೊನೆಯದೇ. ಹಣ್ಣಿನ ಅಂಗಡಿಯಲ್ಲಿ ಒಳ್ಳೆಯ ಮನಸ್ಸಿನ ಹುಡುಗ ಏನು ಮಾಡುತ್ತಾನೆ? ಚೆನ್ನಾಗಿರುವುದನ್ನು ತಾನೇ ಆರಿಸಿ ಚೀಲಕ್ಕೆ ಹಾಕಿ 'ಆಯ್ತು, ನಡಿ' ಅನ್ನುತ್ತಾನೆ. ಕಲಿತ ಜೊತೆಗಾರ ಹೇಳುವುದು ಬೇರೆ. 'ಎರಡು ಥರ ಬಾಳೆಹಣ್ಣು ಇದೆ. ಏಲಕ್ಕಿ, ಪಚ್ಚಬಾಳೆ. ಏಲಕ್ಕಿಯ ತೊಟ್ಟು ಕಪ್ಪಾಗಿದೆ. ರೇಟು ಇಷ್ಟು. ಅಂಗಡಿಯವನು ಫೋನಲ್ಲಿದ್ದಾನೆ, ಸ್ವಲ್ಪ ಸಿಡುಕು ಮುಖ.' ಆಮೇಲೆ ಅಣ್ಣನ ಕೈಯನ್ನು ಗೊನೆಯ ಮೇಲಿಟ್ಟು ಸುಮ್ನೆ ನಿಲ್ಲುತ್ತಾನೆ. ಆರಿಸುವುದು ಅಣ್ಣ, ಚೌಕಾಸಿ ಮಾಡುವುದೂ ಅಣ್ಣ. ಕಪ್ಪಾದ ಹಣ್ಣೇ ಬೇಕು, ರಸಾಯನಕ್ಕೆ ಅದೇ ಚೆನ್ನ ಅಂದರೆ ಅದೇ ಸರಿ. ಅಂಗಡಿಯವನು 'ಇವರಿಗೆ ಏನ್ ಬೇಕಂತೆ?' ಅಂತ ಹುಡುಗನನ್ನು ಕೇಳಿದರೆ ಉತ್ತರ ಕೊಡಬಾರದು. ಆ ಪ್ರಶ್ನೆಯನ್ನು ಅಣ್ಣನ ಕೈಗೆ ದಾಟಿಸಬೇಕು. ಪಕ್ಕದಲ್ಲಿ ಯಾರಾದರೂ 'ಪಾಪ' ಅಂದರೆ ಅದನ್ನೂ ದಾಟಿಸಬೇಕು. ಅದಕ್ಕೆ ಸಿಟ್ಟಾಗಬೇಕೋ ನಗಬೇಕೋ ಅವನೇ ನೋಡಿಕೊಳ್ಳುತ್ತಾನೆ.

ಮುಟ್ಟುವ ಕ್ರಮ. ಹತ್ತಿರ ಬಂದು ಭುಜದ ಮೇಲೆ ಅಂಗೈ ಮೆತ್ತಗೆ ಇಡಬೇಕು, ಹಾಗೇ ಒಂದು ಕ್ಷಣ ನಿಲ್ಲಬೇಕು. ತಟ್ಟಬಾರದು. ಆಮೇಲೆ ತೋಳಿನ ಗುಂಟ ಕೈ ಇಳಿಸಿ ಅಣ್ಣನ ಕೈಗೆ ತನ್ನ ಗುರುತಿನ ಸನ್ನೆ ಕೊಡಬೇಕು. ಕಿವುಡರಲ್ಲಿ ಪ್ರತಿಯೊಬ್ಬರಿಗೂ ಒಂದು ಹೆಸರಿನ ಸೈನ್ ಇರುತ್ತದಲ್ಲ, ಅದು. ಹುಡುಗನಿಗೆ ಇನ್ನೂ ಇಲ್ಲದಿದ್ದರೆ ಅಣ್ಣನೇ ಇಡಲಿ. ಹೊರಡುವಾಗಲೂ ಹೇಳಿ ಹೊರಡಬೇಕು.

ನಡೆಯುವಾಗ ಹುಡುಗ ಅಣ್ಣನನ್ನು ಹಿಡಿಯಬಾರದು, ಅಣ್ಣ ಹುಡುಗನ ಮೊಣಕೈಯ ಸ್ವಲ್ಪ ಮೇಲೆ ಹಿಡಿಯಬೇಕು, ಅರ್ಧ ಹೆಜ್ಜೆ ಹಿಂದೆ ಇರಬೇಕು. ಹುಡುಗನ ಮೈ ತಿರುಗಿದ್ದು, ಏರಿದ್ದು, ನಿಂತದ್ದು ಎಲ್ಲ ಆ ಹಿಡಿತದಲ್ಲೇ ತಿಳಿಯುತ್ತದೆ. ಇಕ್ಕಟ್ಟಿನ ಜಾಗ ಬಂದರೆ ಹುಡುಗ ತನ್ನ ತೋಳನ್ನು ಬೆನ್ನ ಹಿಂದೆ ತರಬೇಕು. ಆಗ ಅಣ್ಣ ಪೂರ್ತಿ ಹಿಂದೆ ಬರುತ್ತಾನೆ. ಮೆಟ್ಟಿಲ ಅಂಚಿನಲ್ಲಿ ನಿಂತು, ಹತ್ತುವುದೋ ಇಳಿಯುವುದೋ ತಿಳಿಸಿ ಮುಂದೆ ಹೋಗಬೇಕು. ಆಟೋ ಹತ್ತುವಾಗ ತಲೆ ತಗಲುವ ಮೇಲಿನ ಕಂಬಿಗೆ ಕೈ ಮುಟ್ಟಿಸಿದರೆ ಸಾಕು. ತಳ್ಳಿ ಕೂರಿಸುವುದು ಬೇಡ. ಕುರ್ಚಿಗೂ ಅಷ್ಟೇ, ಬೆನ್ನಿಗೆ ಕೈ ಇಟ್ಟರೆ ಉಳಿದದ್ದು ಅವನೇ ಮಾಡುತ್ತಾನೆ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಒಬ್ಬರನ್ನು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿದ್ದೆ. ಬಸ್ ಯಾವ ಪ್ಲಾಟ್‌ಫಾರಂ ಅಂತ ಕೇಳಿ ಬರಲು ಎರಡೇ ನಿಮಿಷ ಬಿಟ್ಟು ಹೋದೆ. 'ಬರ್ತೀನಿ' ಅಂತ ಹೇಳಿರಲಿಲ್ಲ. ವಾಪಸ್ ಬಂದಾಗ ಅವರು ನಿಂತಲ್ಲೇ ನಿಂತಿದ್ದರು. ಜನ ತಳ್ಳಿಕೊಂಡು ಹೋಗುತ್ತಿದ್ದರು. ಎರಡೂ ಕೈ ಎದೆಗೆ ಒತ್ತಿಕೊಂಡಿದ್ದರು, ಬೆರಳು ನಡುಗುತ್ತಿತ್ತು. ಅವರ ಪಾಲಿಗೆ ಆ ಎರಡು ನಿಮಿಷ ಲೋಕದಲ್ಲಿ ಏನೂ ಇರಲಿಲ್ಲ. ಅಂದಿನಿಂದ ನಾನು ಕಲಿಸುವ ಹುಡುಗರಿಗೆ ಇದು ಕಟ್ಟುನಿಟ್ಟು: ಬಿಟ್ಟು ಹೋಗುವ ಮೊದಲು ಯಾಕೆ, ಎಷ್ಟು ಹೊತ್ತು ಅಂತ ಹೇಳಬೇಕು, ಕೈಯನ್ನು ಕಂಬಕ್ಕೋ ಗೋಡೆಗೋ ಮುಟ್ಟಿಸಿ ಹೋಗಬೇಕು. ಬಯಲಲ್ಲಿ ಬಿಡಬಾರದು. ಇದರ ಜೊತೆಗೆ ತುರ್ತಿನ ಗುರುತೂ ಒಂದು ಬೇಕು. ಬೆನ್ನ ಮೇಲೆ ಬೆರಳಿನಿಂದ ದೊಡ್ಡ ಗುಣಿಸು ಗುರುತು ಎಳೆದರೆ 'ಅಪಾಯ, ಏನೂ ಕೇಳಬೇಡ, ನನ್ನ ಜೊತೆ ಬಾ' ಅಂತ ಅರ್ಥ. ಅಮೆರಿಕದಲ್ಲಿ ರೂಢಿಯಲ್ಲಿರುವ ಗುರುತು ಇದು. ಅದನ್ನು ತಮಾಷೆಗೆ ಬಳಸಬಾರದು.

ಮಾತಿನ ವಿಷಯ ಸ್ವಲ್ಪ ಸೂಕ್ಷ್ಮ. ಸನ್ನೆ ಭಾಷೆ ಗೊತ್ತಿದ್ದರೆ ಸಾಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಸಾಲದು. ಕೊಳವೆ ನೋಟ ಇರುವಾಗ ತೀರಾ ಹತ್ತಿರ ನಿಂತರೆ ಕೈ ಅರ್ಧ ಮಾತ್ರ ಕಾಣುತ್ತದೆ. ನಾಲ್ಕೈದು ಅಡಿ ದೂರ ನಿಂತು, ಎದೆಯ ಮುಂದೆ ಚಿಕ್ಕದಾಗಿ ಸೈನ್ ಮಾಡಬೇಕು. ಗೆರೆ ಹೂವಿನ ಅಂಗಿ ಬೇಡ, ಒಂದೇ ಬಣ್ಣ ಇರಲಿ, ಮೈಬಣ್ಣಕ್ಕೆ ಎದ್ದು ಕಾಣುವಂಥದ್ದು. ಬೆಳಕು ಹುಡುಗನ ಮುಖದ ಮೇಲೆ ಬೀಳಬೇಕು, ಬೆನ್ನ ಹಿಂದೆ ಕಿಟಕಿ ಇರಬಾರದು.

ಕತ್ತಲಲ್ಲಿ, ಮುಂದೆ ನೋಟ ಇನ್ನೂ ಕಡಿಮೆಯಾದಾಗ, ಅಣ್ಣ ತನ್ನ ಕೈಯನ್ನು ಹುಡುಗನ ಕೈ ಮೇಲೆ ಇಟ್ಟು ಓದಬೇಕಾಗುತ್ತದೆ. ಆಗ ಒಂದು ತೊಡಕು. 'ಊಟ ಆಯ್ತು', 'ಊಟ ಆಯ್ತಾ' ಎರಡಕ್ಕೂ ಕೈ ಸನ್ನೆ ಒಂದೇ. ಪ್ರಶ್ನೆ ಇರುವುದು ಎತ್ತಿದ ಹುಬ್ಬಿನಲ್ಲಿ. ಹುಬ್ಬು ಕೈಗೆ ಸಿಗುವುದಿಲ್ಲವಲ್ಲ! ಪ್ರಶ್ನೆಯಾದರೆ ಅಂಗೈಯಲ್ಲಿ ಪ್ರಶ್ನೆ ಚಿಹ್ನೆ ಬರೆಯಬೇಕು. ತಲೆಯಾಡಿಸುವ 'ಇಲ್ಲ'ವನ್ನು ಕೈಯಲ್ಲೇ ಹೇಳಬೇಕು. ಎದುರಿನವರು ನಕ್ಕರೆ ತೋಳಿನ ಮೇಲೆ ಬೆರಳಾಡಿಸಿ ತಿಳಿಸಬಹುದು. ಅಣ್ಣ ಮಾತಾಡುವಾಗ ಹುಡುಗ 'ಹ್ಞೂಂ' ಅನ್ನುವ ಬದಲು ಅವನ ಮೊಣಕಾಲ ಮೇಲೆ ಮೆಲ್ಲಗೆ ತಟ್ಟುತ್ತಿರಬೇಕು. ಇಲ್ಲದಿದ್ದರೆ ಗೋಡೆಗೆ ಹೇಳಿದ ಹಾಗಾಗುತ್ತದೆ. ಸಿಯಾಟಲ್‌ನಲ್ಲಿ 2007ರ ಸುಮಾರಿಗೆ ಎ.ಜೆ. ಗ್ರಾಂಡಾ, ಜೆಲಿಕಾ ನುಚ್ಚಿಯೊ ಅನ್ನುವ ಇಬ್ಬರು ಇಂಥ ಸ್ಪರ್ಶದ ಮಾತಿಗೆ ಒಂದು ರೂಪ ಕೊಟ್ಟರು, ಪ್ರೊಟ್ಯಾಕ್ಟೈಲ್ ಅಂತ ಅದಕ್ಕೆ ಹೆಸರು. ಇಬ್ಬರೂ ಸ್ವತಃ ಡೆಫ್‌ಬ್ಲೈಂಡ್, ಅಂದರೆ ಕಿವಿ ಕಣ್ಣು ಎರಡರ ತೊಂದರೆಯೂ ಇರುವವರು. ಕಿವಿ ಕಣ್ಣು ಇದ್ದವರು ಕೂತು ಯೋಚಿಸಿ ಮಾಡಿದ್ದಲ್ಲ ಅನ್ನುವುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸೈನ್ ಬಾರದವರು ಅಂಗೈ ಮೇಲೆ ಅಕ್ಷರ ಬರೆಯಬಹುದು. ಕನ್ನಡದಲ್ಲಿ ಬರೆದರೆ ಒತ್ತಕ್ಷರ ಬಂದಾಗ ಕಷ್ಟ. 'ಶಿವಮೊಗ್ಗ' ಬರೆದು ನೋಡಿ, ಕೊನೆಗೆ ಸಿಕ್ಕಾಗುತ್ತದೆ. ಅದಕ್ಕೇ ಬಹಳ ಜನ ಇಂಗ್ಲಿಷ್ ದೊಡ್ಡಕ್ಷರ ಬಳಸುತ್ತಾರೆ. ಅಂಗೈ ನಡುವೆ ಒಂದರ ಮೇಲೊಂದು ಬರೆಯಬೇಕು, ಸಾಲಾಗಿ ಅಲ್ಲ. ತಪ್ಪಾದರೆ ಅಂಗೈ ಒರೆಸಿದ ಹಾಗೆ ಮಾಡಿ ಮತ್ತೆ ಬರೆಯಬೇಕು. ಹುಡುಗನ ಉಗುರು ಕತ್ತರಿಸಿರಲಿ, ಉಂಗುರ ಬೇಡ, ಕೈ ತೊಳೆದಿರಲಿ. ಸಣ್ಣ ಮಾತು ಅನ್ನಿಸಬಹುದು. ಈರುಳ್ಳಿ ವಾಸನೆಯ ಕೈಯನ್ನು ಒಂದು ಗಂಟೆ ಮೂಗಿನ ಹತ್ತಿರ ಹಿಡಿದುಕೊಂಡಿರಿ, ಆಗ ತಿಳಿಯುತ್ತದೆ. ಅರ್ಧ ಗಂಟೆಗೊಮ್ಮೆ ಇಬ್ಬರಿಗೂ ವಿರಾಮ ಬೇಕು, ಭುಜ ಸೋಲುತ್ತದೆ.

ವಿದೇಶದ ಕೈಪಿಡಿಗಳಲ್ಲಿ ತಟ್ಟೆಯ ಊಟವನ್ನು ಗಡಿಯಾರದ ಲೆಕ್ಕದಲ್ಲಿ ಹೇಳುತ್ತಾರೆ, ಆಲೂಗಡ್ಡೆ ಮೂರು ಗಂಟೆಗೆ ಅಂತ. ನಮಗೆ ಆ ತಾಪತ್ರಯ ಇಲ್ಲ, ಬಾಳೆಲೆಯೇ ನಕ್ಷೆ. ಎಡ ಮೇಲ್ತುದಿಗೆ ಉಪ್ಪು, ಪಕ್ಕ ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಊರಿಗೆ ತಕ್ಕ ಹಾಗೆ ಸ್ವಲ್ಪ ಆಚೀಚೆ. ನಿಮ್ಮ ಅಣ್ಣ ನಲವತ್ತು ವರ್ಷ ಉಂಡ ಎಲೆ ಅದು. ಮದುವೆ ಮನೆಯಲ್ಲಿ ಹುಡುಗ ಹೇಳಬೇಕಾದದ್ದು ಬದಲಾದದ್ದನ್ನು ಮಾತ್ರ. 'ಪಲ್ಯದ ಪಕ್ಕ ಹೋಳಿಗೆ ಬಂತು. ಬಿಸಿ ಸಾರು ಬರ್ತಿದೆ, ಬಡಿಸುವವನು ಎಡಗಡೆ ಇದ್ದಾನೆ, ಕೈ ತೆಗಿ. ಎದುರಿಗೆ ದೊಡ್ಡಪ್ಪ ಕೂತಿದ್ದಾರೆ, ನಿನ್ನನ್ನೇ ನೋಡಿ ನಗ್ತಿದ್ದಾರೆ.' ಈ ಕೊನೆಯ ವಾಕ್ಯಕ್ಕಾಗಿ ಜೊತೆಗಾರ ಬೇಕು. ಅನ್ನ ಹುಡುಕಿಕೊಳ್ಳುವುದು ಅವನಿಗೆ ಬರುತ್ತದೆ.

ಹಾಗಾದರೆ ಯಾರನ್ನು ಇಡುವುದು? ಏಜೆನ್ಸಿಯವರು ಹಾಸಿಗೆ ಹಿಡಿದವರನ್ನು ಎತ್ತಿ ಮಲಗಿಸಲು ಕಲಿತವರು. ನಿಮ್ಮ ಅಣ್ಣ ರೋಗಿಯಲ್ಲ. ಅವರು ಬಂದರೆ ಅವನು ಆರು ತಿಂಗಳಲ್ಲಿ ರೋಗಿಯ ಹಾಗೆ ಆಗಿಬಿಡುವ ಅಪಾಯವಿದೆ. ಅಮ್ಮನೇ ಮುಂದುವರಿದರೆ ಖರ್ಚಿಲ್ಲ. ಆದರೆ ಅವರಿಗೆ 71. ಜೊತೆಗೆ, ಬೀಡಿ ಸೇದಬೇಕು ಅನ್ನಿಸಿದರೆ 43ರ ಗಂಡಸು ತಾಯಿಯನ್ನು ಕೇಳುವ ಹಾಗಿರಬಾರದು. ಅಣ್ಣನ ಕಿವುಡ ಗೆಳೆಯರಲ್ಲಿ ಒಬ್ಬರನ್ನು ಕೇಳಬಹುದು. ಭಾಷೆ ತಯಾರಿದೆ, ಹರಟೆಗೆ ಅವರೇ ಸರಿ. ಆದರೆ ಫೋನು, ಹಿಂದಿನ ಹಾರ್ನ್ ಅವರಿಗೂ ಕೇಳಿಸುವುದಿಲ್ಲ. ಊರಿನ ಕಿವುಡರ ಬಳಗ ಚಿಕ್ಕದು, ಗುಟ್ಟು ನಿಲ್ಲುವುದೂ ಕಷ್ಟ. ಪಕ್ಕದ ಮನೆ ಹುಡುಗ ಕಲಿಯಬಲ್ಲ, ಆದರೆ ನಾಳೆ ಬೆಂಗಳೂರಲ್ಲಿ ಕೆಲಸ ಸಿಕ್ಕರೆ ಹೊರಟ. ನಾನಾದರೆ ಇಬ್ಬರನ್ನೂ ಇಡುತ್ತೇನೆ. ಎರಡು ದಿನ ಹುಡುಗ, ಒಂದು ದಿನ ಕಿವುಡ ಗೆಳೆಯ, ಇಬ್ಬರಿಗೂ ಸಂಬಳ. ಸ್ನೇಹ ಇದ್ದರೂ ಸಂಬಳ ಇರಲಿ. ಪುಕ್ಕಟೆ ಬಂದವನಿಗೆ 'ಇವತ್ತು ಇನ್ನೂ ಎರಡು ಅಂಗಡಿ' ಅನ್ನಲು ಅಣ್ಣ ಹಿಂಜರಿಯುತ್ತಾನೆ.

ಒಂದು ಎಚ್ಚರಿಕೆ. ದುಡ್ಡಿನ ವ್ಯವಹಾರದಲ್ಲಿ ಹುಡುಗ ಪಾಸ್‌ಬುಕ್ ಓದಿ ಹೇಳಬಹುದು, ಎಟಿಎಂವರೆಗೆ ಕರೆದೊಯ್ಯಬಹುದು. ಪಿನ್ ಅವನಿಗೆ ಗೊತ್ತಾಗಬಾರದು. ಅಣ್ಣನ ಪರವಾಗಿ ಸಹಿ ಹಾಕುವ ಪ್ರಶ್ನೆಯೇ ಇಲ್ಲ. ಅಣ್ಣ ಎಲ್ಲಿಗೆ ಹೋದ, ಯಾರ ಹತ್ತಿರ ಮಾತಾಡಿದ ಅಂತ ಅಮ್ಮನಿಗೂ ನಿಮಗೂ ವರದಿ ಕೊಡುವಂತಿಲ್ಲ. ಬೇಸರ ಮಾಡಿಕೊಳ್ಳಬೇಡಿ, ಇದನ್ನು ಮುರಿಯುವವರು ಸಾಮಾನ್ಯವಾಗಿ ಮನೆಯವರೇ.

ಎಷ್ಟು ದಿನ ಅಂತ ಕೇಳಿದ್ದೀರಿ. ನನ್ನ ಲೆಕ್ಕದಲ್ಲಿ ಎಂಟು ವಾರ, ವಾರಕ್ಕೆ ಮೂರು ದಿನ, ದಿನಕ್ಕೆ ಎರಡು ಗಂಟೆ. ನಡಿಗೆ ಮೊದಲ ಎರಡು ವಾರದಲ್ಲೇ ಬರುತ್ತದೆ, ಸೈನ್ ನಿಧಾನ. ಕಣ್ಣಿಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು ಹುಡುಗನನ್ನು ನಡೆಸುವ ಪದ್ಧತಿ ಇದೆ. ಹಿಂದೆ ನಾನೂ ದಿನಗಟ್ಟಲೆ ಮಾಡಿಸುತ್ತಿದ್ದೆ, ಈಗ ಇಪ್ಪತ್ತು ನಿಮಿಷ ಸಾಕು ಅನ್ನಿಸುತ್ತದೆ. ಎಳೆದರೆ ಹೇಗಿರುತ್ತದೆ ಅಂತ ತಿಳಿಯಲಿ. ಜಾಸ್ತಿಯಾದರೆ ಭಯ ಹುಟ್ಟುತ್ತದೆ, ಭಯದಿಂದ ಕರುಣೆ. ಕರುಣೆ ಬಂದವನು ಮತ್ತೆ ಹಣ್ಣು ತಾನೇ ಆರಿಸುತ್ತಾನೆ.

ಕಲಿಸುವ ಗುರು ನಿಮ್ಮ ಅಣ್ಣನೇ. ನಾನೋ ನೀವೋ ಪಕ್ಕದಲ್ಲಿರಬಹುದು, ಅಷ್ಟೇ. ಹಿಡಿತ ಸಡಿಲವಾಯಿತು, ವೇಗ ಜಾಸ್ತಿಯಾಯಿತು, ವಿವರ ಸಾಲದು ಅಂತ ಹೇಳಬೇಕಾದವನು ಅವನು. ತರಬೇತಿಯ ಬಗ್ಗೆ ವಿಚಾರಿಸಲು ಅಹಮದಾಬಾದಿನ ಸೆನ್ಸ್ ಇಂಡಿಯಾ ಇದೆ, 1997ರಿಂದ ಕಿವಿ ಕಣ್ಣು ಎರಡರ ತೊಂದರೆ ಇರುವವರಿಗಾಗಿಯೇ ಕೆಲಸ ಮಾಡುತ್ತಿದೆ. ಮುಂಬೈಯ ಹೆಲನ್ ಕೆಲ್ಲರ್ ಸಂಸ್ಥೆ ಅದಕ್ಕಿಂತ ಹಳೆಯದು, 1977ರದ್ದು. ಬ್ರೈಲ್ ಕಲಿಕೆಯನ್ನೂ ನೋಟ ಇರುವಾಗಲೇ ಶುರು ಮಾಡಿ. ಬೈಂಡಿಂಗ್ ಮಾಡಿದ ಬೆರಳು, ಬೇಗ ಹಿಡಿಯುತ್ತದೆ ಅನ್ನುವ ನಂಬಿಕೆ ನನಗಿದೆ.

ಮೊದಲ ದಿನ ಎಲ್ಲಿಗೆ ಹೋಗಬೇಕು ಅಂತ ಅಣ್ಣನನ್ನೇ ಕೇಳಿ. ಹಳೇ ಪ್ರೆಸ್‌ಗೆ ಅನ್ನಬಹುದು, ಎಲ್ಲಿಗೂ ಬೇಡ ಅನ್ನಲೂಬಹುದು. ಬೇಡ ಅಂದರೆ ಅವತ್ತು ಅಂಗಳದಲ್ಲೇ ಕೂತು ಹುಡುಗನಿಗೆ ಹೆಸರಿನ ಸೈನ್ ಇಡಲಿ. ಆ ಎರಡು ಗಂಟೆ ಅಮ್ಮ ಮನೆಯಲ್ಲಿರುವುದು ಬೇಡ. ಇದ್ದರೆ ಮಧ್ಯೆ ಬಂದೇ ಬರುತ್ತಾರೆ. ದೇವಸ್ಥಾನಕ್ಕೋ ತಂಗಿಯ ಮನೆಗೋ ಹೋಗಿ ಬರಲಿ.